ಪ್ಯಾನಲ್ ಮೇಲೆ 200 ವ್ಯಾಟ್, ಪರದೆ ಮೇಲೆ 61: ಒಂಬತ್ತು ದಿನ ಕರೆಂಟ್ ಇಲ್ಲದ ಮನೆಯ ಕಥೆ

ಬೆಳಗ್ಗೆ ಆರು ಗಂಟೆಗೆ ಅಕ್ಕನ ಫೋನ್. "ಬರುವಾಗ ಇನ್ನೊಂದು ಸೋಲಾರ್ ಪ್ಯಾನಲ್ ತಗೊಂಡು ಬಾ, ಇದು ಸಾಕಾಗ್ತಿಲ್ಲ" ಅಂದಳು. ಬಿರುಗಾಳಿಗೆ ಕಂಬಗಳು ಬಿದ್ದು ಅವರ ಕಡೆ ಕರೆಂಟ್ ಹೋಗಿ ಆಗಲೇ ಎರಡು ರಾತ್ರಿ ಕಳೆದಿತ್ತು. ಮೊದಲ ರಾತ್ರಿ ನಾಲ್ಕು ಗಂಟೆಗೆ ಭಾವನ ಸಿಪ್ಯಾಪ್ ಯಂತ್ರ ನಿಂತುಹೋಗಿತ್ತು. ಎರಡನೇ ರಾತ್ರಿ ಒಂದು ಗಂಟೆ ಆಗುವ ಮೊದಲೇ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಮೂಗಿನ ಮೂಲಕ ಗಾಳಿ ಒತ್ತಿ ಕೊಡುವ ಯಂತ್ರ ಅದು. ಅದು ನಿಂತರೆ ಭಾವನಿಗೂ ನಿದ್ದೆ ಇಲ್ಲ, ಪಕ್ಕದಲ್ಲಿ ಕೂತು ಅವರ ಉಸಿರು ಎಣಿಸುವ ಅಕ್ಕನಿಗೂ ಇಲ್ಲ.

ನಾನು ಪ್ಯಾನಲ್ ತಗೊಂಡು ಹೋಗಲಿಲ್ಲ. ಒಂದು ಮಲ್ಟಿಮೀಟರ್, ಹತ್ತು ಮೀಟರ್ ದಪ್ಪ ವೈರ್, ಎರಡು ಅಡಾಪ್ಟರ್ ತಗೊಂಡು ಹೋದೆ. ಅಕ್ಕನಿಗೆ ಸಿಟ್ಟು ಬಂತು, ಬರುವುದೇ ಅಲ್ವಾ. ಆದರೆ ಫೋನಿನಲ್ಲಿ ಅವಳು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು: "200 ವ್ಯಾಟ್ ಅಂತ ಬರೆದಿದೆ, ಪರದೆ ಮೇಲೆ 61 ದಾಟಿಯೇ ಇಲ್ಲ." ತೂತಾದ ಕೊಡಕ್ಕೆ ಇನ್ನೊಂದು ಕೊಡ ನೀರು ಸುರಿಯುವ ಮೊದಲು ತೂತು ಎಲ್ಲಿದೆ ಅಂತ ನೋಡಬೇಕು.

ಮನೆಯಲ್ಲಿ ಇದ್ದದ್ದು ಇಷ್ಟು. ಒಂದು ಪವರ್ ಸ್ಟೇಷನ್, ಅಂದರೆ ಬ್ಯಾಟರಿ, ಇನ್ವರ್ಟರ್, ಪ್ಯಾನಲ್‌ನಿಂದ ಬರುವ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಚಾರ್ಜ್ ಕಂಟ್ರೋಲರ್ ಎಲ್ಲವನ್ನೂ ಒಂದೇ ಡಬ್ಬದಲ್ಲಿ ಸೇರಿಸಿದ್ದು. ಎಷ್ಟು ವ್ಯಾಟ್ ಬರುತ್ತಿದೆ ಅಂತ ತೋರಿಸುವ ಪರದೆ ಇರುವುದು ಇದರ ಮೇಲೆ. ಒಳಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12.8 ವೋಲ್ಟ್, 40 ಆಂಪ್-ಅವರ್. ಗುಣಿಸಿದರೆ 512 ವ್ಯಾಟ್-ಅವರ್. ಜೊತೆಗೆ ನಾಲ್ಕು ಮಡಿಕೆಯ 200 ವ್ಯಾಟ್ ಪ್ಯಾನಲ್, ಸೂಟ್‌ಕೇಸ್ ಥರ ಮಡಚುವಂಥದ್ದು. ವರ್ಷದ ಹಿಂದೆ ಎರಡನ್ನೂ ಜೋಡಿಯಾಗಿ ತಗೊಂಡಿದ್ದರು. ಒಂದೆರಡು ಗಂಟೆ ಕರೆಂಟ್ ಹೋದರೆ ಡಬ್ಬ ಸಾಕಾಗುತ್ತಿತ್ತು, ಕರೆಂಟ್ ಬಂದ ಮೇಲೆ ಗೋಡೆಯ ಪ್ಲಗ್‌ನಿಂದಲೇ ತುಂಬಿಕೊಳ್ಳುತ್ತಿತ್ತು. ಪ್ಯಾನಲ್ ಮಾತ್ರ ಚೀಲದಿಂದ ಹೊರಗೆ ಬಂದದ್ದೇ ಬಿರುಗಾಳಿಯ ಮಾರನೇ ದಿನ. ನನ್ನ ಪ್ರಕಾರ ಇಡೀ ಪ್ರಕರಣದ ಮೊದಲ ತಪ್ಪು ಇದೇ. ತಗೊಂಡ ವಾರದಲ್ಲೇ ಒಂದು ಭಾನುವಾರ ಬಿಸಿಲಿಗೆ ಹಾಕಿ ನೋಡಿದ್ದರೆ ಮುಂದೆ ಹೇಳುವ ಎಲ್ಲ ಎಡವಟ್ಟು ಆರಾಮಾಗಿ ಆಗ್ಲೇ ಗೊತ್ತಾಗುತ್ತಿತ್ತು.

ಮಹಡಿ ಮೇಲೆ

ಹತ್ತು ಗಂಟೆ ಹೊತ್ತಿಗೆ ಮೇಲೆ ಹೋದೆವು. ಬಿಸಿಲು ಚೆನ್ನಾಗಿತ್ತು. ಪ್ಯಾನಲ್ ಅನ್ನು ಬಾಲ್ಕನಿಯ ಕಂಬಿಗೆ ಒಳಗಿನಿಂದ ಒರಗಿಸಿ ಇಟ್ಟಿದ್ದರು, ಹೆಚ್ಚು ಕಡಿಮೆ ನೆಟ್ಟಗೆ ನಿಂತಿತ್ತು. ಗಾಳಿಗೆ ಬೀಳದಿರಲಿ ಅಂತ. ಪವರ್ ಸ್ಟೇಷನ್ ಮಲಗುವ ಕೋಣೆಯಲ್ಲಿ, ನಡುವೆ ಹತ್ತು ಮೀಟರ್ ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್. ಭಾವ ಕೆಳಗೆ ಪರದೆ ನೋಡಿ ಕೂಗುತ್ತಿದ್ದರು, ನಾನು ಮೇಲೆ ಬರೆದುಕೊಳ್ಳುತ್ತಿದ್ದೆ. ಮೊದಲ ಕೂಗು: 61.

ಕಂಬಿಯ ಸರಳು ಬೆರಳಿನಷ್ಟು ದಪ್ಪ. ಅದರ ನೆರಳು ಒಂದು ಮಡಿಕೆಯ ಮೇಲೆ ಉದ್ದಕ್ಕೆ ಗೆರೆ ಎಳೆದ ಹಾಗೆ ಬಿದ್ದಿತ್ತು. ಅಕ್ಕನ ಕಣ್ಣಿಗೆ ಅದು ನೆರಳೇ ಅಲ್ಲ, "ಇಷ್ಟು ಸಣ್ಣದಕ್ಕೆ ಏನಾಗುತ್ತೆ" ಅಂದಳು. ಪ್ಯಾನಲ್ ಅನ್ನು ಎರಡು ಅಡಿ ಪಕ್ಕಕ್ಕೆ ಸರಿಸಿದೆ, ಕೋನ ಬದಲಿಸಲಿಲ್ಲ, ಮತ್ತೇನನ್ನೂ ಮುಟ್ಟಲಿಲ್ಲ. ಕೆಳಗಿನಿಂದ ಕೂಗು: 88.

ಒಂದು ಸರಳಿನ ನೆರಳಿಗೆ 27 ವ್ಯಾಟ್. ಕಾರಣ ಸರಳವಾಗಿದೆ. ಒಂದು ಸಿಲಿಕಾನ್ ಸೆಲ್ ಕೊಡುವುದು ಸುಮಾರು ಅರ್ಧ ವೋಲ್ಟ್. ಬಳಕೆಗೆ ಬೇಕಾದ 18, 20 ವೋಲ್ಟ್ ಬರಬೇಕಾದರೆ ಮೂವತ್ತು ಚಿಲ್ಲರೆ ಸೆಲ್‌ಗಳನ್ನು ಸರಪಳಿ ಥರ ಒಂದರ ಹಿಂದೆ ಒಂದು ಜೋಡಿಸಬೇಕು. ಆ ಸರಪಳಿಯಲ್ಲಿ ಹರಿಯುವ ಕರೆಂಟ್ ಎಲ್ಲ ಸೆಲ್‌ನಲ್ಲೂ ಒಂದೇ. ನೀರಿನ ಪೈಪನ್ನು ಒಂದು ಕಡೆ ಕಾಲಲ್ಲಿ ಒತ್ತಿದರೆ ಆಚೆ ತುದಿಯಲ್ಲಿ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ನೆರಳಾದ ಒಂದು ಸೆಲ್ ಉಳಿದ ಎಲ್ಲದರ ಕೈ ಕಟ್ಟುತ್ತದೆ. ಬೈಪಾಸ್ ಡಯೋಡ್ ಅಂತ ಇರುತ್ತದೆ, ನೆರಳಾದ ಭಾಗವನ್ನು ಬಿಟ್ಟು ಕರೆಂಟ್ ಬಳಸಿ ಹೋಗಲಿ ಅಂತ. ಆದರೆ ಆಗ ಆ ಇಡೀ ಭಾಗದ ವೋಲ್ಟೇಜೇ ಹೋಗುತ್ತದೆ. ಅಕ್ಕನಿಗೆ ನಂಬಿಕೆ ಬರಲೆಂದು ಅವಳ ಅಂಗೈಯನ್ನೇ ಒಂದು ಸೆಲ್ ಮೇಲೆ ಇಡಿಸಿದೆ, ಕೆಳಗಿನಿಂದ ಭಾವ "ಏಯ್, ಯಾರು ಏನು ಮುಟ್ಟಿದ್ರಿ!" ಅಂತ ಕೂಗಿದರು. ಅದಾದ ಮೇಲೆ ಕರೆಂಟ್ ಬರುವ ತನಕ ಅವಳು ಆ ಪ್ಯಾನಲ್ ಹತ್ತಿರ ಕಾಗೆಯನ್ನೂ ಕೂರಲು ಬಿಟ್ಟಿಲ್ಲ.

ಎರಡನೆಯದು ಕೋನ. ಹತ್ತು ಗಂಟೆಯ ಸೂರ್ಯ ಆಕಾಶದಲ್ಲಿ ಸುಮಾರು ಅರ್ಧ ಏರಿದ್ದ, ಪ್ಯಾನಲ್ ನೆಟ್ಟಗೆ ನಿಂತಿತ್ತು. ಬಿಸಿಲು ಪ್ಯಾನಲ್‌ಗೆ ನೇರವಾಗಿ ಬೀಳದೆ ಓರೆಯಾದಷ್ಟೂ ಅದಕ್ಕೆ ಸಿಗುವ ಬೆಳಕು ಕಡಿಮೆ. 30 ಡಿಗ್ರಿ ಓರೆಯಾದರೆ 13 ಶೇಕಡಾ ಹೋಗುತ್ತದೆ, ಅದು ಪರವಾಗಿಲ್ಲ. 45 ಆದರೆ 29 ಶೇಕಡಾ. 60 ಆದರೆ ಅರ್ಧಕ್ಕೆ ಅರ್ಧ. ಇದನ್ನು ಅಳೆಯಲು ಆಪ್ ಬೇಡ, ಕೋನಮಾಪಕ ಬೇಡ. ಒಂದು ಪೆನ್ಸಿಲ್ ಸಾಕು. ಪೆನ್ಸಿಲ್‌ನ ಹಿಂಭಾಗವನ್ನು ಪ್ಯಾನಲ್ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದು, ಅದರ ನೆರಳು ಕುಗ್ಗಿ ಕುಗ್ಗಿ ಪೆನ್ಸಿಲ್‌ನ ಕಾಲ ಕೆಳಗೇ ಅಡಗುವ ತನಕ ಪ್ಯಾನಲ್ ಅನ್ನು ವಾಲಿಸುತ್ತಾ ತಿರುಗಿಸುತ್ತಾ ಹೋಗುವುದು. ನೆರಳು ಮಾಯವಾದಾಗ ಪ್ಯಾನಲ್ ಸೂರ್ಯನನ್ನೇ ದಿಟ್ಟಿಸುತ್ತಿರುತ್ತದೆ. ಬಾಲ್ಕನಿಯಲ್ಲಿ ಅಷ್ಟು ಜಾಗ ಇರಲಿಲ್ಲ, ಮಹಡಿಗೆ ಸಾಗಿಸಿದೆವು. ಹಿಂದಿನ ಕಾಲುಗಳನ್ನು ಬಿಚ್ಚಿ ನಿಲ್ಲಿಸಿ, ಪೆನ್ಸಿಲ್ ಹಿಡಿದು ಹೊಂದಿಸಿದ ಮೇಲೆ: 128.

ಇಲ್ಲಿಗೆ ಅಕ್ಕನ ಸಿಟ್ಟು ಇಳಿದಿತ್ತು. ನನಗೆ ಮಾತ್ರ ವೈರ್ ಬಗ್ಗೆ ಅನುಮಾನ ಇತ್ತು, ಅದಕ್ಕೇ ಅಲ್ವಾ ಮೀಟರ್ ತಂದದ್ದು.

ವೈರ್ ತಿಂದದ್ದು

ಮೀಟರನ್ನು ಪ್ಯಾನಲ್ ತುದಿಯಲ್ಲಿ ಇಟ್ಟಾಗ 20.0 ವೋಲ್ಟ್. ಅದೇ ವೈರಿನ ಇನ್ನೊಂದು ತುದಿಯಲ್ಲಿ, ಡಬ್ಬದ ಹತ್ತಿರ, 16.8. ಮೇಲಿಂದ ಕೆಳಕ್ಕೆ ಬರುವಷ್ಟರಲ್ಲಿ 3.2 ವೋಲ್ಟ್ ಮಾಯ. ಹರಿಯುತ್ತಿದ್ದ ಕರೆಂಟ್ 7.6 ಆಂಪ್. ಎರಡನ್ನೂ ಗುಣಿಸಿ ನೋಡಿ, 24 ವ್ಯಾಟ್ ಆಗುತ್ತದೆ. ಅಷ್ಟೂ ವೈರಿನ ಉದ್ದಕ್ಕೂ ಶಾಖವಾಗಿ ಹೋಗುತ್ತಿತ್ತು. ಕೈಯಿಟ್ಟರೆ ವೈರ್ ಉಗುರು ಬೆಚ್ಚಗಿತ್ತು, ಬಿಸಿಲಿಗೆ ಇರಬಹುದು ಅಂತ ಅವರು ಅಂದುಕೊಂಡಿದ್ದರು.

ಆ ವೈರ್ 18 ಗೇಜಿನದು. ತಾಮ್ರದ ಅಡ್ಡಗೊಯ್ತ ಬರೀ 0.8 ಚದರ ಮಿಲಿಮೀಟರ್ ಚಿಲ್ಲರೆ. ಹತ್ತು ಮೀಟರ್ ಉದ್ದ ಅಂದರೂ ಕರೆಂಟ್ ಹೋಗಿ ವಾಪಸ್ ಬರಬೇಕಲ್ಲ, ಲೆಕ್ಕಕ್ಕೆ ಇಪ್ಪತ್ತು ಮೀಟರ್ ತಾಮ್ರ. ಅದರ ತಡೆ ಸುಮಾರು 0.42 ಓಮ್. ಗೋಡೆಯ ಕರೆಂಟ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಅಲ್ಲಿ ವೋಲ್ಟೇಜ್ ನೂರುಗಟ್ಟಲೆ, ಮೂರು ವೋಲ್ಟ್ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. 20 ವೋಲ್ಟ್‌ನಲ್ಲಿ ಮೂರು ಹೋದರೆ ಅದು ದೊಡ್ಡ ಪಾಲು. ಕರೆಂಟ್ ಜಾಸ್ತಿಯಾದಷ್ಟೂ ನಷ್ಟ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಪೂರ್ತಿ 10 ಆಂಪ್ ಬಂದಿದ್ದರೆ ಅದೇ ವೈರ್ 42 ವ್ಯಾಟ್ ನುಂಗುತ್ತಿತ್ತು. ಪ್ಯಾನಲ್ ಚೆನ್ನಾಗಿ ಕೆಲಸ ಮಾಡಿದಷ್ಟೂ ವೈರಿಗೆ ಹಬ್ಬ, ಇದು ನನಗೆ ಯಾವಾಗಲೂ ಅನ್ಯಾಯ ಅನ್ನಿಸುತ್ತದೆ.

ನಾನು ತಂದದ್ದು 4 ಚದರ ಮಿಲಿಮೀಟರ್ ಸೋಲಾರ್ ವೈರ್, ತುದಿಗಳಲ್ಲಿ ಎಂಸಿ4 ಕನೆಕ್ಟರ್. ಪವರ್ ಸ್ಟೇಷನ್‌ನದು ಎಕ್ಸ್‌ಟಿ60 ಅನ್ನುವ ಬೇರೆ ಥರದ ಬಾಯಿ. ನಡುವೆ ಅಡಾಪ್ಟರ್ ಬೇಕು. ಇಲ್ಲಿ ಒಂದು ಸಣ್ಣ ಗಂಡಾಂತರ ತಪ್ಪಿತು. ಅಡಾಪ್ಟರ್ ಚುಚ್ಚುವ ಮೊದಲು ಅಭ್ಯಾಸಬಲದಿಂದ ಮೀಟರ್ ಇಟ್ಟೆ, ಪರದೆಯಲ್ಲಿ ಸಂಖ್ಯೆಯ ಹಿಂದೆ ಮೈನಸ್ ಗುರುತು. ಪ್ಲಸ್ ಮೈನಸ್ ಅದಲುಬದಲು! ಮಾರಿದವರು ಕೆಂಪು ವೈರನ್ನೇ ಪ್ಲಸ್ ಅಂತ ಹಾಕಿದ್ದರು, ಒಳಗಿನ ಬೆಸುಗೆ ಮಾತ್ರ ಉಲ್ಟಾ. ಉಲ್ಟಾ ಜೋಡಿಸಿದರೆ ಕೆಲವು ಡಬ್ಬಗಳು ಸುಮ್ಮನೆ ಚಾರ್ಜ್ ಆಗದೆ ಕೂರುತ್ತವೆ, ಕೆಲವು ಸುಟ್ಟುಹೋಗುತ್ತವೆ. ಯಾವುದು ಯಾವ ಜಾತಿ ಅಂತ ಚುಚ್ಚಿ ನೋಡುವ ಧೈರ್ಯ ನನಗಿಲ್ಲ. ಎರಡನೇ ಅಡಾಪ್ಟರ್ ಸರಿಯಾಗಿತ್ತು. ಬೇರೆ ಬೇರೆ ಕಡೆಯ ಪ್ಯಾನಲ್, ಡಬ್ಬ, ಅಡಾಪ್ಟರ್ ಸೇರಿಸುವವರು ಒಂದು ಅಗ್ಗದ ಮೀಟರ್ ಇಟ್ಟುಕೊಳ್ಳಿ, ಬೇರೇನೂ ಕಲಿಯದಿದ್ದರೂ ಡಿಸಿ ವೋಲ್ಟ್ ನೋಡುವುದನ್ನು ಕಲಿಯಿರಿ.

ದಪ್ಪ ವೈರ್ ಹಾಕಿದ ಮೇಲೆ: 147. ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ 158.

ಅಲ್ಲಿಂದ ಮೇಲೆ ಹೋಗಲಿಲ್ಲ. ಹೋಗುವುದೂ ಇಲ್ಲ. ಭಾವ "ಇನ್ನೂ 42 ಬಾಕಿ ಇದೆಯಲ್ಲ" ಅಂತ ಕೇಳಿದರು. ಪ್ಯಾನಲ್ ಮೇಲೆ ಬರೆಯುವ ವ್ಯಾಟ್, ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು ಬೀಳುವಾಗ, ಸೆಲ್ 25 ಡಿಗ್ರಿ ತಣ್ಣಗಿರುವಾಗ ಪ್ರಯೋಗಾಲಯದಲ್ಲಿ ಅಳೆದದ್ದು. ಅಷ್ಟು ಬಿಸಿಲೂ ಇರಬೇಕು, ಸೆಲ್ ತಣ್ಣಗೂ ಇರಬೇಕು, ಹೊರಗೆ ಇದು ಒಟ್ಟಿಗೆ ಆಗುವುದು ಅಪರೂಪ. ಉರಿ ಬಿಸಿಲಿನಲ್ಲಿ ಸೆಲ್ 60, 65 ಡಿಗ್ರಿ ಮುಟ್ಟುತ್ತದೆ. ಈಗಿನ ಸಿಲಿಕಾನ್ ಸೆಲ್‌ಗಳು ಒಂದೊಂದು ಡಿಗ್ರಿಗೆ ಸುಮಾರು 0.35 ಶೇಕಡಾ ಕಳೆದುಕೊಳ್ಳುತ್ತವೆ. 40 ಡಿಗ್ರಿ ಹೆಚ್ಚಾದರೆ 14 ಶೇಕಡಾ ಹೋಯಿತು ಅಂತಲೇ ಲೆಕ್ಕ. ಮಡಚುವ ಪ್ಯಾನಲ್‌ಗೆ ಬೆನ್ನ ಹಿಂದೆ ಬಟ್ಟೆ ಇರುತ್ತದೆ, ಶಾಖ ಬೇಗ ಹೊರಗೆ ಹೋಗುವುದಿಲ್ಲ. ಕಾದ ನೆಲದ ಮೇಲೆ ಮಲಗಿಸಿದರಂತೂ ಮುಗಿದೇ ಹೋಯಿತು. ಕಾಲು ಬಿಚ್ಚಿ ನಿಲ್ಲಿಸಿ ಹಿಂದೆ ಗಾಳಿ ಆಡಲು ಬಿಡುವುದಷ್ಟೇ ನಮ್ಮ ಕೈಯಲ್ಲಿರುವುದು. ಬರೆದಿರುವುದರ 70ರಿಂದ 80 ಶೇಕಡಾ ಸಿಕ್ಕರೆ ಪ್ಯಾನಲ್ ಒಳ್ಳೆಯದೇ ಇದೆ ಅಂತ ತಿಳಿದುಕೊಳ್ಳಿ, ಮಾರಿದವರ ಜೊತೆ ಜಗಳಕ್ಕೆ ಹೋಗಬೇಡಿ.

ಇದೇ ಮಾತಿನಲ್ಲಿ ಇನ್ನೊಂದು. ಪಕ್ಕದ ಮನೆಯವರು ಫೋನಿನಲ್ಲಿ ಒಂದು ಪ್ಯಾನಲ್ ತೋರಿಸಿದರು. 400 ವ್ಯಾಟ್ ಅಂತೆ, ಬಿಚ್ಚಿದರೆ ಅರ್ಧ ಚದರ ಮೀಟರ್. ತಗೊಳ್ಳಬಹುದಾ? ಅರ್ಧ ಚದರ ಮೀಟರ್ ಮೇಲೆ ಉರಿಬಿಸಿಲಿನಲ್ಲಿ ಬೀಳುವ ಬೆಳಕೇ ಒಟ್ಟು 500 ವ್ಯಾಟ್. ಒಳ್ಳೆಯ ಸೆಲ್ ಅದರಲ್ಲಿ 22, 23 ಶೇಕಡಾ ಮಾತ್ರ ಕರೆಂಟ್ ಮಾಡುತ್ತದೆ. ಹಾಗಾಗಿ ಅದು ಎಷ್ಟು ಒಳ್ಳೆಯ ಪ್ಯಾನಲ್ ಆದರೂ 115 ದಾಟುವುದಿಲ್ಲ. 100 ವ್ಯಾಟ್‌ಗೆ ಸೆಲ್ ಇರುವ ಜಾಗವೇ ಹತ್ತಿರ ಹತ್ತಿರ ಅರ್ಧ ಚದರ ಮೀಟರ್ ಬೇಕು. ಅಂಗಡಿಯಲ್ಲೇ ಆಗಲಿ ಫೋನಿನಲ್ಲೇ ಆಗಲಿ, ಅಳತೆಪಟ್ಟಿ ಹಿಡಿದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಎರಡನೇ ಪ್ಯಾನಲ್ ತಂದಿದ್ದರೆ?

ಅಕ್ಕ ಕೇಳಿದ ಹಾಗೆ ಅದೇ ಥರದ್ದು ಇನ್ನೊಂದು ತಂದಿದ್ದರೆ ಏನಾಗುತ್ತಿತ್ತು ಅಂತ ಅವಳೆದುರೇ ಲೆಕ್ಕ ಹಾಕಿದೆವು. ಪವರ್ ಸ್ಟೇಷನ್‌ನ ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆದಿತ್ತು: ಸೋಲಾರ್ ಇನ್‌ಪುಟ್ 11ರಿಂದ 30 ವೋಲ್ಟ್, 10 ಆಂಪ್. ಅವರ ಪ್ಯಾನಲ್ ಕೆಲಸ ಮಾಡುವುದು 20 ವೋಲ್ಟ್‌ನಲ್ಲಿ. ಆದರೆ ಏನೂ ಜೋಡಿಸದೆ ಬಿಸಿಲಿಗೆ ಇಟ್ಟರೆ, ಅಂದರೆ ಓಪನ್ ಸರ್ಕ್ಯೂಟ್‌ನಲ್ಲಿ, 24 ವೋಲ್ಟ್ ಇರುತ್ತದೆ. ಎರಡನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು, ಜೋಡಿಸಿದರೆ ವೋಲ್ಟ್ ಕೂಡುತ್ತದೆ, 48. ಡಬ್ಬದ ಮಿತಿ 30. ಅಡಾಪ್ಟರ್ ಚುಚ್ಚಿದ ಕ್ಷಣದಲ್ಲೇ ಒಳಗಿನ ಸರ್ಕ್ಯೂಟ್ ಕಥೆ ಮುಗಿಯಬಹುದು. ಪ್ಯಾರಲಲ್, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ಜೋಡಿಸಿದರೆ ಆಂಪ್ ಕೂಡುತ್ತದೆ, 20 ಆಂಪ್. ಡಬ್ಬ 10 ಮಾತ್ರ ಕುಡಿಯುತ್ತದೆ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಅದರಿಂದ ಹಾಳಾಗುವುದೇನಿಲ್ಲ, ಆದರೆ ಬಿಸಿಲಿದ್ದಾಗ ದುಡ್ಡು ದಂಡ.

ಕೊಳ್ಳುವವರು ವ್ಯಾಟ್ ನೋಡಿ ಹೊಂದಿಸುತ್ತಾರೆ, ನೋಡಬೇಕಾದದ್ದು ವೋಲ್ಟ್. ಆಂಪ್ ಜಾಸ್ತಿಯಾದರೆ ನಷ್ಟ ಅಷ್ಟೇ, ವೋಲ್ಟ್ ಜಾಸ್ತಿಯಾದರೆ ಅನಾಹುತ. ಅದರಲ್ಲೂ ಓಪನ್ ಸರ್ಕ್ಯೂಟ್ ವೋಲ್ಟ್. ಅದು ಚಳಿಗೆ ಇನ್ನೂ ಏರುತ್ತದೆ, ಶೀತದ ಮುಂಜಾನೆ ಮೊದಲ ಬಿಸಿಲು ಬಿದ್ದಾಗ ಪ್ಯಾನಲ್ ಮೇಲೆ ಬರೆದಿರುವುದಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ ಡಬ್ಬದ ಮಿತಿಗೂ ಅದಕ್ಕೂ ನಡುವೆ ಹತ್ತು ಹದಿನೈದು ಶೇಕಡಾ ಜಾಗ ಬಿಡುವುದು ಒಳ್ಳೆಯದು. ಇನ್ನು ಒಳಗಿನ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಥರದ್ದೇ, ಅಂದರೆ ಪ್ಯಾನಲ್‌ನಿಂದ ಅತಿ ಹೆಚ್ಚು ವ್ಯಾಟ್ ಸಿಗುವ ವೋಲ್ಟೇಜನ್ನು ತಾನೇ ಹುಡುಕಿಕೊಳ್ಳುವಂಥದ್ದೇ, ಅಂತ ಖಾತ್ರಿ ಮಾಡಿಕೊಳ್ಳಿ. ಹಳೇ ಪಿಡಬ್ಲ್ಯುಎಂ ಥರದ್ದು ಪ್ಯಾನಲ್‌ನ 20 ವೋಲ್ಟನ್ನು ಬ್ಯಾಟರಿಯ 13ಕ್ಕೆ ಎಳೆದು ಕೂರಿಸುತ್ತದೆ, ಮೂರರಲ್ಲಿ ಒಂದು ಪಾಲು ಅಲ್ಲೇ ಹೋಯಿತು.

ರಾತ್ರಿಯ ಲೆಕ್ಕ

ಹಗಲಿನ ಸೋರಿಕೆ ಮುಚ್ಚಿದೆವು. ಆದರೆ ಮೊದಲ ರಾತ್ರಿ ಡಬ್ಬ ಪೂರ್ತಿ ತುಂಬಿದ್ದರೂ ನಾಲ್ಕು ಗಂಟೆಗೆ ನಿಂತಿತ್ತಲ್ಲ? ಅದಕ್ಕೆ ಪ್ಯಾನಲ್ ಕಾರಣ ಅಲ್ಲ. ರಾತ್ರಿ ಕೆಳಗೆ ಕೂತು ಒಂದೊಂದೇ ತೆಗೆದು ಹಾಕಿ ಪರದೆ ನೋಡಿದೆವು.

ಸಿಪ್ಯಾಪ್ ಒಂದಕ್ಕೇ ಸರಾಸರಿ 60 ವ್ಯಾಟ್. ಗಾಳಿ ಒತ್ತುವ ಮೋಟಾರಿಗೆ ಅಷ್ಟು ಬೇಕಾಗಿಲ್ಲ. ಗಾಳಿಗೆ ತೇವ ಕೊಡಲು ನೀರು ಬಿಸಿ ಮಾಡುವ ಹೀಟರ್, ಬಿಸಿಯಾಗುವ ಕೊಳವೆ, ಇವೇ ಅರ್ಧಕ್ಕಿಂತ ಜಾಸ್ತಿ ಎಳೆಯುತ್ತಿದ್ದವು. ಶಾಖ ಮಾಡುವ ಯಾವ ಸಾಮಾನೂ ಬ್ಯಾಟರಿಯ ಶತ್ರುವೇ. ಅದರ ಮೇಲೆ ಇನ್ವರ್ಟರ್ ಖರ್ಚು. ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು ಗೋಡೆಯ ಕರೆಂಟಿನ ಥರ ಎಸಿ ಮಾಡಿ, ಯಂತ್ರದ ಅಡಾಪ್ಟರ್ ಅದನ್ನು ಮತ್ತೆ 24 ವೋಲ್ಟ್ ಡಿಸಿ ಮಾಡುತ್ತಿತ್ತು. ಹೋಗಿ ಬಂದು ಹೋಗಿ ಬಂದು ಸುಮಾರು 15 ವ್ಯಾಟ್ ದಾರಿಯಲ್ಲೇ ಖರ್ಚು. ವೈಫೈ ರೂಟರ್ 10. ಒಟ್ಟು 85. 512ನ್ನು 85ರಿಂದ ಭಾಗಿಸಿ, ಆರು ಗಂಟೆ. ಹತ್ತಕ್ಕೆ ಮಲಗಿದ್ದರು, ನಾಲ್ಕಕ್ಕೆ ನಿಂತಿತು. ಡಬ್ಬ ಕರಾರುವಾಕ್ಕಾಗಿ ಕೆಲಸ ಮಾಡಿತ್ತು ಪಾಪ.

ಭಾವ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿದರು, ಕೆಲವು ದಿನ ಹೀಟರ್ ಆರಿಸಿ ಬರೀ ತಣ್ಣೀರಿನ ತೇವದಲ್ಲಿ ಮಲಗಬಹುದು ಅಂತ ಒಪ್ಪಿಗೆ ಸಿಕ್ಕಿತು. ಇದನ್ನು ಕೇಳದೆ ಮಾಡಬೇಡಿ, ಒತ್ತಡದ ಸೆಟ್ಟಿಂಗ್ ಅಂತೂ ಮುಟ್ಟಲೇಬೇಡಿ. ಯಂತ್ರ ಮಾಡಿದ ಕಂಪನಿಯದೇ ಡಿಸಿ ಕೇಬಲ್ ಮನೆಯಲ್ಲಿ ಪ್ರಯಾಣದ ಚೀಲದಲ್ಲಿ ಬಿದ್ದಿತ್ತು, ಅದನ್ನು ಡಬ್ಬದ 12 ವೋಲ್ಟ್ ಬಾಯಿಗೆ ನೇರವಾಗಿ ಹಾಕಿದೆವು. ಇನ್ವರ್ಟರ್ ಗುಂಡಿ ಆಫ್. ಮಲಗಿದ ಮೇಲೆ ರೂಟರ್ ಆಫ್. ಹತ್ತು ಗಂಟೆಗೆ 96 ಶೇಕಡಾ ಇದ್ದದ್ದು ಬೆಳಗ್ಗೆ ಆರಕ್ಕೆ 49. ಎಂಟು ಗಂಟೆಗೆ ಸುಮಾರು 240 ವ್ಯಾಟ್-ಅವರ್, ಅಂದರೆ ಗಂಟೆಗೆ 30. ಭಾವ ಪೂರ್ತಿ ಮಲಗಿದರು. ಅಕ್ಕ ಒಂಬತ್ತರ ತನಕ ಏಳಲೇ ಇಲ್ಲ.

ಒಂದು ವ್ಯಾಟ್ ಉಳಿಸುವುದು ಒಂದು ವ್ಯಾಟ್ ಹುಟ್ಟಿಸುವುದಕ್ಕಿಂತ ಸುಲಭ, ಅಗ್ಗ ಕೂಡ. ಅಕ್ಕನ ಲ್ಯಾಪ್‌ಟಾಪ್‌ ಅನ್ನೂ ಗೋಡೆಯ ಚಾರ್ಜರ್ ಬಿಡಿಸಿ ಯುಎಸ್‌ಬಿ-ಸಿ ಬಾಯಿಗೆ ಹಾಕಿದೆವು. ದಿನಕ್ಕೆ ನಾಲ್ಕು ಗಂಟೆ ಕೆಲಸ, 180 ವ್ಯಾಟ್-ಅವರ್. ಎರಡು ಎಲ್‌ಇಡಿ ದೀಪ ಸಂಜೆ ನಾಲ್ಕು ಗಂಟೆ, 56. ರೂಟರ್ ಹಗಲು ಹತ್ತು ಗಂಟೆ, 100. ಎರಡು ಫೋನ್, 30. ಸಿಪ್ಯಾಪ್ ಸೇರಿ ದಿನಕ್ಕೆ 600 ಚಿಲ್ಲರೆ. ಒಳ್ಳೆಯ ಬಿಸಿಲಿನ ದಿನ, ಎರಡು ಮೂರು ಸಲ ಪ್ಯಾನಲ್ ತಿರುಗಿಸಿದರೆ, 650ರ ಆಸುಪಾಸು ಬರುತ್ತಿತ್ತು. ಸರಿಹೋಯಿತು, ಆದರೆ ಕೂದಲೆಳೆಯಷ್ಟೇ.

ಫ್ರಿಜ್ ಹಾಕಬಹುದಾ ಅಂತ ಅಕ್ಕ ಕೇಳಿದಳು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದೆ. ದೊಡ್ಡ ಫ್ರಿಜ್ ದಿನಕ್ಕೆ 1000 ವ್ಯಾಟ್-ಅವರ್ ಹತ್ತಿರ ಕೇಳುತ್ತದೆ, ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಾಗಿ ಓಡುವಾಗಿನ ವ್ಯಾಟ್‌ನ ಹಲವು ಪಟ್ಟು ಎಳೆಯುತ್ತದೆ, ಆ ಡಬ್ಬದ ಇನ್ವರ್ಟರ್ ತಡೆಯುವುದು 500 ವ್ಯಾಟ್ ಮಾತ್ರ.

ಪಕ್ಕದ ಮನೆಯವರು ಕೊಟ್ಟ ಇನ್ನೊಂದು ಸಲಹೆ ಕೇಳಿ ನನಗೆ ಮೈ ಜುಮ್ ಅಂತು. ಎರಡೂ ತುದಿಯಲ್ಲಿ ಪಿನ್ ಇರುವ ವೈರ್ ಮಾಡಿ ಡಬ್ಬದಿಂದ ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಇಡೀ ಮನೆಯ ದೀಪ ಉರಿಯುತ್ತದಂತೆ. ದಯವಿಟ್ಟು ಬೇಡ. ಆ ವೈರಿನ ಪಿನ್ ಬರಿಗೈಗೆ ಸಿಗುತ್ತದೆ. ಮನೆಯ ವೈರಿಂಗ್ ಹೊರಗಿನ ಲೈನಿಗೆ ಸೇರಿದೆ, ಅಲ್ಲಿ ಕಂಬ ಹತ್ತಿದವರು ಲೈನ್ ಸತ್ತಿದೆ ಅಂತ ನಂಬಿ ಕೈ ಹಾಕಿರುತ್ತಾರೆ. ಕರೆಂಟ್ ಒಮ್ಮೆಲೇ ವಾಪಸ್ ಬಂದರೆ ನಿಮ್ಮ ಡಬ್ಬವೂ ಉಳಿಯುವುದಿಲ್ಲ.

ಉಳಿದ ದಿನಗಳು

ನಾಲ್ಕನೇ ದಿನ ಅಕ್ಕ ಒಂದು ಪ್ರಯೋಗ ಮಾಡಿದಳು. ವೈರಿನ ನಷ್ಟ ಪೂರ್ತಿ ತಪ್ಪಿಸೋಣ ಅಂತ ಡಬ್ಬವನ್ನೇ ಮಹಡಿಗೆ ಹೊತ್ತು ಪ್ಯಾನಲ್ ಪಕ್ಕ ಇಟ್ಟಳು, ಬಿಸಿಲಿನಲ್ಲಿ. ಒಂದು ಗಂಟೆಯೊಳಗೆ ಫ್ಯಾನ್ ಜೋರಾಗಿ ಕೂಗಿ, ಪರದೆಯಲ್ಲಿ ತಾಪಮಾನದ ಗುರುತು ಮಿನುಗಿ, ಚಾರ್ಜಿಂಗ್ ನಿಂತಿತು. ಲಿಥಿಯಂ ಬ್ಯಾಟರಿ ಕಾದರೆ ತನ್ನನ್ನು ಕಾಪಾಡಿಕೊಳ್ಳಲು ಬಾಗಿಲು ಹಾಕಿಕೊಳ್ಳುತ್ತದೆ, ಸಾಮಾನ್ಯವಾಗಿ 45 ಡಿಗ್ರಿ ಆಸುಪಾಸಿನಲ್ಲಿ. ಸೊನ್ನೆ ಡಿಗ್ರಿಗಿಂತ ಕೆಳಗೂ ಚಾರ್ಜ್ ಮಾಡಬಾರದು. ಪ್ಯಾನಲ್‌ಗೆ ಬಿಸಿಲು, ಬ್ಯಾಟರಿಗೆ ನೆರಳು. ಡಬ್ಬ ವಾಪಸ್ ಕೋಣೆಗೆ ಬಂತು.

ಐದನೇ ದಿನ ಗಾಳಿ. ಬಿಚ್ಚಿದ ಪ್ಯಾನಲ್ ಹತ್ತಿರ ಹತ್ತಿರ ಒಂದು ಚದರ ಮೀಟರ್ ಹಾಯಿ ಇದ್ದ ಹಾಗೆ, ಒಂದೇ ಬೀಸಿಗೆ ಮುಗುಚಿ ಬಿತ್ತು. ಅದೃಷ್ಟಕ್ಕೆ ಬೆನ್ನಿನ ಮೇಲೆ ಬಿತ್ತು. ಮುಖ ಅಡಿಯಾಗಿ ಕಲ್ಲಿನ ಮೇಲೆ ಬಿದ್ದರೆ ಒಳಗಿನ ಸೆಲ್ ಕಣ್ಣಿಗೆ ಕಾಣದ ಹಾಗೆ ಸೀಳುತ್ತದೆ, ಮುಂದೆ ವ್ಯಾಟ್ ಯಾಕೆ ಕಡಿಮೆ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮೂಲೆಯ ಲೋಹದ ಕಣ್ಣುಗಳಿಗೆ ಹಗ್ಗ ಕಟ್ಟಿ ನೀರು ತುಂಬಿದ ಕ್ಯಾನ್‌ಗಳಿಗೆ ಬಿಗಿದರು. ಸಂಜೆ ಮಳೆ ಹನಿಯಿತು, ಭಾವ "ಐಪಿ67 ಅಂತ ಬರೆದಿದೆ, ಬಿಡು" ಅಂದರು. ಸುಮ್ನೆ ಬಿಡಬಾರದು. ನೀರು, ಧೂಳು ತಡೆಯುತ್ತದೆ ಅಂತ ಹೇಳುವ ಆ ಅಂಕಿ ಹಲವು ಸಲ ಸೆಲ್ ಇರುವ ಹಾಳೆಗೆ ಮಾತ್ರ. ಹಿಂದಿನ ಜೇಬಿನಲ್ಲಿರುವ ಯುಎಸ್‌ಬಿ ಪೆಟ್ಟಿಗೆಗೆ ನೀರು ಹೋದರೆ ಅದು ಅಲ್ಲಿಗೆ ಸರಿ. ಆ ಯುಎಸ್‌ಬಿಗೆ ಫೋನ್ ನೇರವಾಗಿ ಹಾಕುವುದೂ ನನಗೆ ಇಷ್ಟವಿಲ್ಲ, ಮೋಡ ಬಂದು ಹೋದರೆ ಚಾರ್ಜಿಂಗ್ ಕಡಿದುಹೋಗಿ ಎಷ್ಟೋ ಫೋನ್ ಮತ್ತೆ ಜೋರಾಗಿ ಶುರುವಾಗುವುದೇ ಇಲ್ಲ. ನಡುವೆ ಒಂದು ಪವರ್ ಬ್ಯಾಂಕ್ ಇಟ್ಟರೆ ಈ ತಲೆನೋವಿಲ್ಲ.

ಆರನೇ ದಿನ ಪೂರ್ತಿ ಮೋಡ. ಇದು ನನ್ನ ಲೆಕ್ಕಕ್ಕೆ ಬಿದ್ದ ಪೆಟ್ಟು. ಪೆನ್ಸಿಲ್‌ಗೆ ನೆರಳೇ ಇಲ್ಲ. ಬೆಳಕು ಇಡೀ ಆಕಾಶದಿಂದ ಹರಡಿ ಬರುತ್ತಿತ್ತು, ಅಂಥ ದಿನ ಪ್ಯಾನಲ್ ವಾಲಿಸುವುದಕ್ಕಿಂತ ಆಕಾಶಕ್ಕೆ ಮುಖ ಮಾಡಿ ಮಲಗಿಸುವುದೇ ವಾಸಿ. ಪರದೆಯಲ್ಲಿ 18, 25, ಒಮ್ಮೆ 40. ಸಂಜೆಗೆ ಒಟ್ಟು 140 ವ್ಯಾಟ್-ಅವರ್. ಅಕ್ಕ ಲ್ಯಾಪ್‌ಟಾಪ್ ಮುಚ್ಚಿದಳು, ರೂಟರ್ ಆರಿಸಿದಳು. ಹಿಂದಿನ ದಿನ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಸಂಜೆ ನಾಲ್ಕಕ್ಕೆ ಬ್ಯಾಟರಿ 70ಕ್ಕಿಂತ ಕೆಳಗಿದ್ದರೆ ಸಿಪ್ಯಾಪ್ ಒಂದನ್ನು ಬಿಟ್ಟು ಮಿಕ್ಕ ಎಲ್ಲದಕ್ಕೂ ರಜೆ. ಆ ದಿನ 64 ಇತ್ತು. ರಾತ್ರಿ ಕಳೆದು ಬೆಳಗ್ಗೆ 15. ಏಳನೇ ದಿನವೂ ಮೋಡ ಇದ್ದಿದ್ದರೆ ಯಂತ್ರ ನಿಲ್ಲುತ್ತಿತ್ತು. ಇರಲಿಲ್ಲ, ಅಷ್ಟೇ.

ಅವತ್ತು ಅಕ್ಕ ಫೋನಿನಲ್ಲಿ ಹೇಳಿದಳು, "ನೀನು ಎರಡನೇ ಪ್ಯಾನಲ್ ದಂಡ ಅಂದೆ. ಮೋಡದ ದಿನ ಎರಡಿದ್ದರೆ 280 ಬರ್ತಿರಲಿಲ್ವಾ?" ಬರುತ್ತಿತ್ತು. ಮೋಡದಲ್ಲಿ ಒಂದೊಂದು ಪ್ಯಾನಲ್ ಎರಡು ಆಂಪ್ ಕೊಟ್ಟರೆ ಹೆಚ್ಚು, ಎರಡು ಪ್ಯಾರಲಲ್ ಸೇರಿದರೂ ಡಬ್ಬದ 10ರ ಮಿತಿಯ ಹತ್ತಿರವೂ ಹೋಗುವುದಿಲ್ಲ. ಉರಿ ಬಿಸಿಲಿಗೆ ನಾನು ಹಾಕಿದ ಲೆಕ್ಕವನ್ನೇ ಎಲ್ಲ ದಿನಕ್ಕೂ ಹೇಳಿಬಿಟ್ಟಿದ್ದೆ. ಮನೆಯಲ್ಲಿ ನಿಲ್ಲಬಾರದ ಯಂತ್ರ ಇರುವಾಗ ಲೆಕ್ಕ ಹಾಕಬೇಕಾದದ್ದು ಒಳ್ಳೆಯ ದಿನಕ್ಕಲ್ಲ, ಕೆಟ್ಟ ದಿನಕ್ಕೆ. ತಪ್ಪು ಒಪ್ಪಿಕೊಂಡೆ.

ಒಂಬತ್ತನೇ ದಿನ ರಾತ್ರಿ ಕರೆಂಟ್ ಬಂತು. ಅದಾಗಿ ಎರಡು ವಾರಕ್ಕೆ ಅಕ್ಕ ಅದೇ ವೋಲ್ಟಿನ ಇನ್ನೊಂದು ಪ್ಯಾನಲ್ ಮತ್ತು ಪ್ಯಾರಲಲ್ ಜೋಡಿಸುವ ವೈ ಕನೆಕ್ಟರ್ ತರಿಸಿದಳು. ಡಬ್ಬದ ಪುಸ್ತಕದಲ್ಲಿ ಪ್ಯಾರಲಲ್‌ಗೆ ಒಪ್ಪಿಗೆ ಇದೆಯಾ ಅಂತ ಮೊದಲು ನೋಡಿದಳು, ಎರಡೂ ತುದಿಗೆ ಮೀಟರ್ ಇಟ್ಟು ಪ್ಲಸ್ ಮೈನಸ್ ನೋಡಿದಳು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ಆ ದಿನ ಒಂದು ಚೂರೂ ಮೋಡ ಇರಲಿಲ್ಲ. ಎರಡೂ ಪ್ಯಾನಲ್ ಬಿಸಿಲಿಗೆ ಹರಡಿ, ಪೆನ್ಸಿಲ್ ಇಟ್ಟು ಹೊಂದಿಸಿ, ಕೆಳಗೆ ಓಡಿ ಪರದೆ ನೋಡಿದಳು. 192ಕ್ಕೆ ಹೋಗಿ ಅಲ್ಲೇ ನಿಂತಿತ್ತು, ಒಂದೂ ಮೇಲೆ ಹೋಗಲಿಲ್ಲ. ನನ್ನ ಮುಖ ನೋಡಿ, "ಏನೂ ಹೇಳಬೇಡ, ಇದು ಮೋಡಕ್ಕೆ" ಅಂದಳು.